ಎರಡನೆಯ ಚಂದ್ರ ಮತ್ತು ಒಂದು ಕಾಳುಮೆಣಸು

ಸಾಗರದ ಚಿಕ್ಕಮ್ಮ: (ಫಾರ್ವರ್ಡ್ ಮಾಡಿದ್ದು) ಆಗಸ್ಟ್ 27ರ ರಾತ್ರಿ 12.30ಕ್ಕೆ ಆಕಾಶದಲ್ಲಿ ಎರಡು ಚಂದ್ರ! ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟೇ ದೊಡ್ಡದಾಗಿ ಕಾಣಲಿದೆ. ಎಲ್ಲರಿಗೂ ತಿಳಿಸಿ.

ನಾನು: ಚಿಕ್ಕಮ್ಮ, ದಯವಿಟ್ಟು ಇದನ್ನು ಅಳಿಸಿ. ಇದು ಸುಳ್ಳು. ಹೋದ ವರ್ಷ ಇದನ್ನೇ ನಂಬಿ ನನ್ನ ಮಗಳು ಮಳೆಯಲ್ಲಿ ಜಗಲಿಯ ಮೇಲೆ ಕುಳಿತು ನಿದ್ದೆಗೆಟ್ಟಳು.

ತೀರ್ಥಹಳ್ಳಿ ದೊಡ್ಡಪ್ಪ: ಪೂರಾ ಸುಳ್ಳು ಎನ್ನಬೇಡ ಮಾರಾಯ. 2003ರಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಕೆಂಡದ ಹಾಗೆ ಹೊಳೆಯುತ್ತಿತ್ತು.

ನಾನು: ಹೊಳೆದದ್ದು ನಿಜ ದೊಡ್ಡಪ್ಪ. ಆ ಆಗಸ್ಟ್ 27ರಂದು ಮಂಗಳ 5.58 ಕೋಟಿ ಕಿಲೋಮೀಟರ್‌ವರೆಗೆ ಬಂದಿತ್ತು. ಸುಮಾರು 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದದ್ದಿಲ್ಲ. ಆದರೂ ಚಂದ್ರನ ಅಗಲದ 70ರಲ್ಲಿ ಒಂದು ಪಾಲೂ ಕಾಣಲಿಲ್ಲ. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಬರಿಗಣ್ಣಿನ ಚಂದ್ರನಷ್ಟು ಕಾಣುತ್ತದೆ ಎಂದು ಆಗ ಬರೆದಿದ್ದರು. ದೂರದರ್ಶಕದ ಮಾತು ಬಿದ್ದುಹೋಯಿತು, ಚಂದ್ರ ಉಳಿದ.

ಸಾಗರದ ಚಿಕ್ಕಮ್ಮ: ಮಂಗಳ ಚಂದ್ರನಿಗಿಂತ ದೊಡ್ಡದು ಎಂದು ಶಾಲೆಯಲ್ಲಿ ನೀವೇ ಓದಿದವರಲ್ಲವೇ? ಹತ್ತಿರ ಬಂದರೆ ದೊಡ್ಡದಾಗಿ ಕಾಣಬೇಡವೇ?

ನಾನು: ಒಂದು ಕಾಳುಮೆಣಸು ತೆಗೆದುಕೊಳ್ಳಿ. ಅದೇ ಭೂಮಿ ಎನ್ನೋಣ. ಚಂದ್ರ ಒಂದು ಸಣ್ಣ ಸಾಸಿವೆ. ಮೆಣಸಿನಿಂದ ಅರ್ಧ ಅಡಿ ದೂರ. ಮಂಗಳ ಮೆಣಸಿನ ಅರ್ಧದಷ್ಟು, ಅಂದರೆ ಚಂದ್ರನ ಎರಡರಷ್ಟು. ಆದರೆ 2003ರಲ್ಲೂ ಅದು ಇದ್ದದ್ದು 72 ಅಡಿ ಆಚೆ!

ಶಿವಮೊಗ್ಗದ ಭಾವ: ಸೂರ್ಯ?

ನಾನು: ಒಂದೂಮುಕ್ಕಾಲು ಅಡಿ ಅಗಲದ ಉಂಡೆ, ಸುಮಾರು 190 ಅಡಿ ದೂರ. ಗುರು ಒಂದು ಹಣ್ಣಡಿಕೆ, ಸೂರ್ಯನಿಂದ 1,000 ಅಡಿ. ನೆಪ್ಚೂನ್ ಒಂದೂಮುಕ್ಕಾಲು ಕಿಲೋಮೀಟರ್ ಆಚೆ, ಊರೇ ದಾಟಿ. ಪುಸ್ತಕದ ಚಿತ್ರದಲ್ಲಿ ಎಲ್ಲವನ್ನೂ ಒಂದೇ ಪುಟದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಅದರಿಂದಲೇ ಗ್ರಹಗಳು ಪಕ್ಕಪಕ್ಕದ ಮನೆಗಳು ಎಂದು ನಮಗೆ ಅನ್ನಿಸುತ್ತದೆ. ನಡುವೆ ಇರುವುದೆಲ್ಲ ಬಯಲು. ನನ್ನ ಮಟ್ಟಿಗೆ ಎರಡು ಚಂದ್ರನಿಗಿಂತ ಆ ಬಯಲೇ ದೊಡ್ಡ ಬೆರಗು.

ತೀರ್ಥಹಳ್ಳಿ ದೊಡ್ಡಪ್ಪ: ಹಾಗಾದರೆ ಮತ್ತೆ ಹತ್ತಿರ ಬರುವುದೇ ಇಲ್ಲವೇ?

ನಾನು: ಸುಮಾರು 26 ತಿಂಗಳಿಗೊಮ್ಮೆ ಭೂಮಿ ಮಂಗಳನನ್ನು ಹಿಂದಿಕ್ಕುತ್ತದೆ. ಮಂಗಳನ ಹಾದಿ ಅಂಡಾಕಾರ, ಆದ್ದರಿಂದ ಕೆಲವು ಸಲ 10 ಕೋಟಿ ಕಿಲೋಮೀಟರ್ ಆಚೆಯೇ ಉಳಿಯುತ್ತದೆ. 2035ರ ಸೆಪ್ಟೆಂಬರ್‌ನಲ್ಲಿ ಮತ್ತೆ 5.7 ಕೋಟಿಯ ಹತ್ತಿರ ಬರುತ್ತದೆ. ನಮ್ಮ ಮಳೆಗಾಲ ಬಿಡುವು ಕೊಟ್ಟರೆ ನೋಡೋಣ.

ಸಾಗರದ ಚಿಕ್ಕಮ್ಮ: 72 ಅಡಿ ಎಂದರೆ ನಮ್ಮ ಮನೆಯಲ್ಲಿ ಎಲ್ಲಿಂದ ಎಲ್ಲಿಗೆ?

ನಾನು: ಜಗಲಿಯಿಂದ ಕೊಟ್ಟಿಗೆಯ ಬಾಗಿಲಿಗೆ.

ಸಾಗರದ ಚಿಕ್ಕಮ್ಮ: ಮೊಮ್ಮಗಳ ಕೈಯಲ್ಲಿ ಕಾಳು ಕೊಟ್ಟು ಕೊಟ್ಟಿಗೆ ಬಾಗಿಲಿನಲ್ಲಿ ನಿಲ್ಲಿಸಿ ಬಂದೆ. ಅವಳು ಕಾಣುತ್ತಾಳೆ, ಕಾಳು ಕಾಣುವುದಿಲ್ಲ.