ಲೈಬ್ರರಿ ಮೇಡಂ ತುಂಬಾ ಸ್ಟ್ರಿಕ್ಟ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆರನೇ ಕ್ಲಾಸ್ ಹುಡುಗಿಯ ಅಮ್ಮ: ಮಗಳು ಪುಸ್ತಕವನ್ನು ಒಂದು ದಿನ ತಡವಾಗಿ ಕೊಟ್ಟಳು. ಮೇಡಂ ಎಲ್ಲರ ಎದುರು ಬೈದು, ಒಂದು ತಿಂಗಳು ಕಾರ್ಡ್ ಇಟ್ಟುಕೊಂಡಿದ್ದಾರೆ. ಈಗ ಲೈಬ್ರರಿ ಪೀರಿಯಡ್ ಬಂದರೆ ಇವಳಿಗೆ ಹೊಟ್ಟೆನೋವು. ನಿಮ್ಮ ಅನುಭವ ಹೇಳಿ.

ಇಬ್ಬರು ಗಂಡುಮಕ್ಕಳ ತಾಯಿ: ನಮ್ಮದು ಇನ್ನೂ ದೊಡ್ಡ ಕತೆ. ಮಗನ ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ ಪ್ರಾಣಿಗಳ ಪುಸ್ತಕ ಪೂರ್ತಿ ನೆನೆಯಿತು. ನುಣುಪು ಹಾಳೆ. ಹಾಗೇ ಒಣಗಲು ಬಿಟ್ಟರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತೆ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಒಂದೊಂದೇ ಬಿಡಿಸಿ ಮಧ್ಯೆ ಟಿಶ್ಯೂ ಇಟ್ಟೆ. 48 ಹಾಳೆ. ನಾಲ್ಕು ದಿನ ಫ್ಯಾನ್ ಕೆಳಗೆ, ಮೂರು ದಿನ ನಿಘಂಟಿನ ಭಾರದಡಿ. ಹರಿದ ಏಳು ಹಾಳೆಗೆ ಸೆಲ್ಲೋಟೇಪ್ ಹಾಕಿದೆ. ಅವರ ಮೇಡಂ ಸರಿಯಾಗಿ ನೋಡಲೂ ಇಲ್ಲ. ಹೊಸದೇ ಬೇಕು, ಅದೇ ಆವೃತ್ತಿ ಬೇಕು ಅಂದರು. ಅದು ಸಿಗಲು 23 ದಿನ, ಆರು ಅಂಗಡಿ. ಆದರೂ ಜಗಳ ಆಡಲಿಲ್ಲ. ಮಗನ ಕೈಯಲ್ಲೇ ಕೊಡಿಸಿದೆ. ನಾನು ಮಾಡಿದ್ದೇ ಸರಿ.

ದೂರು ಕೊಟ್ಟ ಅಪ್ಪ: ಹೀಗೆ ಸುಮ್ನೆ ತಲೆ ಬಗ್ಗಿಸುವುದರಿಂದಲೇ ಇವರ ದರ್ಬಾರು ಜಾಸ್ತಿಯಾಗಿರುವುದು. ನಾನು ಮೂರು ಪತ್ರ ಬರೆದೆ, ಎರಡು ಸಲ ಅರ್ಧ ದಿನ ರಜೆ ಹಾಕಿ ಹೆಡ್‌ಮಾಸ್ಟರ್ ರೂಮಿನ ಹೊರಗೆ ಕೂತೆ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲೇ ಲೈಬ್ರರಿಗಳಿಗೆ ಐದು ಸೂತ್ರ ಕೊಟ್ಟಿದ್ದಾರೆ. ಮೊದಲನೆಯದೇ, ಪುಸ್ತಕ ಇರುವುದು ಬಳಕೆಗೆ. ಅದನ್ನೇ ಬರೆದೆ. ಕಿತ್ತುಕೊಂಡಿದ್ದ ಮಗನ ಕಾರ್ಡ್ ವಾಪಸ್ ಬಂತು. ಆದರೆ ಆಮೇಲೆ ಮಗ ಕಪಾಟಿನ ಹತ್ತಿರ ಹೋದರೆ ಮೇಡಂ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಇಡೀ ವರ್ಷ ಅವನು ತಂದದ್ದು ಎರಡೇ ಪುಸ್ತಕ. ದೂರು ಕೊಟ್ಟಿದ್ದಕ್ಕೆ ನನಗಂತೂ ಬೇಸರವಿಲ್ಲ.

ನಿವೃತ್ತ ಗ್ರಂಥಪಾಲಕಿ: ಮೊದಲನೆಯದಕ್ಕೇ ನಿಂತರೆ ಹೇಗೆ ಸರ್? ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ನಿಮ್ಮ ಮನೆಯಲ್ಲಿ ಉಳಿದ ಪುಸ್ತಕಕ್ಕೆ ಕಾಯುತ್ತಿರುವ ಮಗುವೂ ಓದುಗನೇ ಅಲ್ವಾ? ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ಅಕ್ಸೆಷನ್ ರಿಜಿಸ್ಟರ್‌ನಲ್ಲಿ ಇರುವ ನಂಬರ್ ಕಪಾಟಿನಲ್ಲಿ ಇಲ್ಲದಿದ್ದರೆ ಕೇಳುವುದು ನಮ್ಮನ್ನೇ. ಒಂದು ವರ್ಷ 11 ಪುಸ್ತಕ ಸಿಗಲಿಲ್ಲ. ಹನ್ನೊಂದಕ್ಕೂ ನನ್ನ ಸಂಬಳದಿಂದ ಕಟ್ಟಿದೆ. ರಜೆ ಮುಗಿದ ಮೇಲೆ ಎರಡು ಸಿಕ್ಕವು. ಕಪಾಟಿನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ನಂಬರ್, 530ರ ಭೌತಶಾಸ್ತ್ರವನ್ನು ಯಾರೋ ಮಕ್ಕಳು 350ರಲ್ಲಿ ತುರುಕಿದ್ದರು. ಓದಿದ್ದನ್ನು ಮೇಜಿನ ಮೇಲೇ ಬಿಡಿ ಅಂತ ನಾವು ಕೂಗುವುದು ಅದಕ್ಕೇ. ಮತ್ತೆ ಆ ತಾಯಿಗೆ ಒಂದು ಮಾತು. ಸೆಲ್ಲೋಟೇಪ್ ಹಳದಿಯಾಗಿ ಹಾಳೆಗೆ ಕಲೆ ಹಿಡಿಸುತ್ತೆ. ನಾನೂ ಆ ಪುಸ್ತಕ ತೆಗೆದುಕೊಳ್ಳುತ್ತಿರಲಿಲ್ಲ.

ದೂರು ಕೊಟ್ಟ ಅಪ್ಪ: ಸಂಬಳ ಹಿಡಿದವರ ಮೇಲೆ ದೂರು ಕೊಡಬೇಕಿತ್ತು. ಆ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿದಿರಿ.

ನಿವೃತ್ತ ಗ್ರಂಥಪಾಲಕಿ: ಎರಡು ಸಲ ಕೊಟ್ಟೆ. ಉತ್ತರ ಬರಲಿಲ್ಲ. ಮಕ್ಕಳ ಮೇಲೆ ತೀರಿಸಿದೆ ಅನ್ನಬೇಡಿ, ನನಗೆ ನೋವಾಗುತ್ತೆ.

ಕಾಲೇಜು ವಿದ್ಯಾರ್ಥಿನಿ: ನಾನು ಊಟದ ಬಿಡುವಿನಲ್ಲಿ ಹೋಗಿ ಲೇಬಲ್ ಅಂಟಿಸಿಕೊಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಮೇಡಂ ಬೀರುವಿನ ಪುಸ್ತಕವನ್ನೂ ಕೊಟ್ಟರು. ಆದರೆ ಅವರು ನನಗೆ ಎಲ್ಲರ ಎದುರು ಬೈದದ್ದನ್ನು ಇನ್ನೂ ಮರೆತಿಲ್ಲ.

ಇಬ್ಬರು ಗಂಡುಮಕ್ಕಳ ತಾಯಿ: ರಾತ್ರಿ ಎರಡು ಗಂಟೆಗೆ ಟೇಪ್ ಬಿಟ್ಟು ಮನೆಯಲ್ಲಿ ಇನ್ನೇನಿರುತ್ತೆ ಮೇಡಂ? ಆ ಪುಸ್ತಕ ನಮ್ಮಲ್ಲೇ ಇದೆ. ಈಗ ತೆಗೆದು ನೋಡಿದೆ. ಹಳದಿಯಾಗಿರುವುದು ನಿಜ. ಕಿತ್ತು ಬೇರೆ ಹಾಕಲಾ?

ನಿವೃತ್ತ ಗ್ರಂಥಪಾಲಕಿ: ಕೀಳಬೇಡಿ. ಅಕ್ಷರವೂ ಜೊತೆಗೆ ಬರುತ್ತೆ.