ಜಾವಾಸ್ಕ್ರಿಪ್ಟ್ ಪ್ರಾಪರ್ಟಿ: ಗುಣವೋ, ವಿವರವೋ? ‘ಗಣ್ಯ’, ‘ನಗಣ್ಯ’ ನಡೆದೀತೇ?

ಮಾನ್ಯರೇ,

ಪುಣೆಯ ಚಿಂಚವಾಡದಲ್ಲಿ ಕನ್ನಡ ಮನೆಗಳ ಮಕ್ಕಳಿಗೆ ಭಾನುವಾರ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಆಬ್ಜೆಕ್ಟಿನಲ್ಲಿ (ಹೆಸರು–ಬೆಲೆ ಜೋಡಿಗಳ ಕಟ್ಟಿನಲ್ಲಿ) ಎಷ್ಟು ಪ್ರಾಪರ್ಟಿಗಳಿವೆ, ಅಂದರೆ ಅಂಥ ಎಷ್ಟು ಜೋಡಿಗಳಿವೆ, ಎಂದು ಎಣಿಸುವ ಪಾಠಕ್ಕೆ ಟಿಪ್ಪಣಿ ಬರೆಯಲು ಕುಳಿತರೆ ಪದಗಳೇ ಕೈಕೊಡುತ್ತಿವೆ.

ಯಂತ್ರಾನುವಾದದ ‘ಆಸ್ತಿ’ಯನ್ನು ನೋಂದಣಿ ಕಚೇರಿಗೇ ಬಿಡೋಣ. ಇಲ್ಲಿನ ಮಕ್ಕಳಿಗೆ ಮರಾಠಿ ವಿಜ್ಞಾನ ಪಠ್ಯದ ‘ಗುಣಧರ್ಮ’ ಗೊತ್ತು; ಕನ್ನಡಕ್ಕೂ ಅದು ಹೊಸದಲ್ಲ. ಆದರೆ ‘ಊರು: ಸೊಲ್ಲಾಪುರ’ ಎಂಬುದು ಯಾವ ಗುಣ? ‘ವಿವರ’ ನನಗೆ ಹಿತವೆನಿಸುತ್ತದೆ. ಫಂಕ್ಷನ್ನೇ (ಕೆಲಸ ಮಾಡುವ ಕೋಡಿನ ತುಣುಕೇ) ಪ್ರಾಪರ್ಟಿಯಾಗಿ ಕುಳಿತಾಗ ಮಾತ್ರ ಅದೂ ಕುಂಟುತ್ತದೆ.

ನಿಜವಾದ ತೊಡಕು ಮುಂದಿದೆ. ‘ವಿದ್ಯಾರ್ಥಿ’ ಎಂಬ ಆಬ್ಜೆಕ್ಟಿನಲ್ಲಿ ಹೆಸರು, ಊರು, ತರಗತಿ ಇವೆ. ಅದರ ಪ್ರೋಟೊಟೈಪಿಗೆ (ತನ್ನಲ್ಲಿಲ್ಲದ್ದನ್ನು ಅದು ಹುಡುಕುವ ಇನ್ನೊಂದು ಆಬ್ಜೆಕ್ಟಿಗೆ) ನಾವೇ ‘ಶಾಲೆ’ ಸೇರಿಸಿದ್ದೇವೆ ಎನ್ನಿ. ಪ್ರಾಪರ್ಟಿಗಳನ್ನು ಒಂದೊಂದಾಗಿ ನೋಡುವ ಫಾರ್-ಇನ್ ಸುತ್ತಿನಲ್ಲಿ ಎಣಿಸಿದರೆ 4 ಸಿಗುತ್ತದೆ. 2009ರ ಇಎಸ್5ರಲ್ಲಿ (ಭಾಷೆಯ ಮಾನಕದ ಐದನೇ ಆವೃತ್ತಿಯಲ್ಲಿ) ಬಂದ ಆಬ್ಜೆಕ್ಟ್.ಕೀಸ್(ವಿದ್ಯಾರ್ಥಿ).ಲೆಂಗ್ತ್ 3 ಎನ್ನುತ್ತದೆ. ಈ ಭೇದಕ್ಕೆ ಗೆಳೆಯರೊಬ್ಬರು ‘ಸ್ವಯಾರ್ಜಿತ’, ‘ಪಿತ್ರಾರ್ಜಿತ’ ಸೂಚಿಸಿದರು. ಕೇಳಲು ಸೊಗಸು. ಆದರೆ ಪಿತ್ರಾರ್ಜಿತದ ಪಾಲು ಮಕ್ಕಳ ಕೈಸೇರುತ್ತದೆ. ಇಲ್ಲಿ ‘ಶಾಲೆ’ ಪ್ರೋಟೊಟೈಪಿನಲ್ಲೇ ಉಳಿದಿರುತ್ತದೆ, ಕೇಳಿದಾಗ ಅಲ್ಲಿಂದ ಓದಿ ಕೊಡುವುದಷ್ಟೇ. ಹಾಗಾಗಿ ‘ಸ್ವಂತ ವಿವರ’, ‘ಎರವಲು ವಿವರ’ ಎಂದು ಬರೆದಿದ್ದೇನೆ.

ಸ್ವಂತದ್ದೆಲ್ಲ ಎಣಿಕೆಗೆ ಸಿಗುವುದೂ ಇಲ್ಲ. ಅರೇಯ (ಸಾಲುಪಟ್ಟಿಯ) ‘ಲೆಂಗ್ತ್’ (ಉದ್ದ) ಅದರ ಸ್ವಂತದ್ದೇ, ಆದರೂ ಆಬ್ಜೆಕ್ಟ್.ಕೀಸ್ ಅದನ್ನು ಬಿಟ್ಟುಬಿಡುತ್ತದೆ, ಆಬ್ಜೆಕ್ಟ್.ಗೆಟ್‌ಓನ್‌ಪ್ರಾಪರ್ಟಿನೇಮ್ಸ್ ಬಿಡುವುದಿಲ್ಲ. ಈ ಭೇದಕ್ಕೆ ‘ಗಣ್ಯ’, ‘ನಗಣ್ಯ’ ಎನ್ನಬಹುದೇ? ‘ಗಣ್ಯ’ ಎಂದರೆ ಮೂಲದಲ್ಲಿ ಎಣಿಸತಕ್ಕದ್ದು ಎಂದೇ ಅರ್ಥ. ಈಗಿನ ಗಣ್ಯರೋ ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರು! ‘ನಗಣ್ಯ’ ಎಂದರೆ ಕ್ಷುಲ್ಲಕವೆಂದೇ ಓದುತ್ತಾರೆ. ಲೆಂಗ್ತ್ ಖಂಡಿತ ಕ್ಷುಲ್ಲಕವಲ್ಲ. ಉದ್ದವಾದರೂ ‘ಎಣಿಕೆಗೆ ಸಿಗುವ’, ‘ಎಣಿಕೆಗೆ ಸಿಗದ’ ಎಂಬುದೇ ಮೇಲೆನಿಸುತ್ತದೆ.

ಇನ್ನೊಂದು: ಆಬ್ಜೆಕ್ಟ್.ಕೀಸ್ ಕರೆದಾಗಲೆಲ್ಲ ಹೆಸರುಗಳ ಹೊಸ ಅರೇ ಕಟ್ಟುತ್ತದೆ. ಸಾವಿರಾರು ವಿವರಗಳಿದ್ದು ಮತ್ತೆ ಮತ್ತೆ ಸಂಖ್ಯೆ ಬೇಕಾದರೆ ಅದು ದಂಡದ ಕೆಲಸ. 2015ರಲ್ಲಿ ಬಂದ ಮ್ಯಾಪ್ (ಹೆಸರು–ಬೆಲೆ ಜೋಡಿಗಳ ಇನ್ನೊಂದು ಬಗೆಯ ಸಂಗ್ರಹ) ಬಳಸಿದರೆ ಅದರ ‘ಸೈಜ್’ ಕೂಡಲೇ ಉತ್ತರ ಕೊಡುತ್ತದೆ. ಅದಕ್ಕೆ ‘ಗಾತ್ರ’ ಒಪ್ಪದು, ‘ಒಟ್ಟು’ ಸಾಕು.

ನನ್ನ ಪ್ರಶ್ನೆ ಎರಡೇ. ಎರವಲು ತಂದದ್ದನ್ನು ಹಿಂದಿರುಗಿಸಬೇಕು ಎಂಬ ಧ್ವನಿ ಇಲ್ಲಿ ಅಡ್ಡ ಬರುತ್ತದೆಯೇ? ಊರಿಗೂ ಫಂಕ್ಷನ್ನಿಗೂ ಒಟ್ಟಿಗೆ ಒಪ್ಪುವಂತೆ ‘ವಿವರ’ಕ್ಕಿಂತ ಒಳ್ಳೆಯ ಪದ ಯಾರಾದರೂ ಬಳಸಿದ್ದೀರಾ?