ಸಹಾಯ ಬೇಕು: ಅಮ್ಮನನ್ನು ಹೆಂಗಸರ ವಾರ್ಡಿಗೆ ಹಾಕಿಸುವುದು ಹೇಗೆ? (ಕೋಲಾರ)

ಎಲ್ಲರಿಗೂ ನಮಸ್ಕಾರ. ನಾವು ಬಂಗಾರಪೇಟೆ ಕಡೆಯವರು. ಅಮ್ಮನಿಗೆ 68 ವರ್ಷ. ಸೊಂಟದ ಮೂಳೆ ಮುರಿದು, ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ. ವಾರ್ಡಿನಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಇದ್ದಾರೆ. ಮಂಚಗಳ ನಡುವೆ ಪರದೆಯೂ ಇಲ್ಲ. ಬೆಡ್‌ಪ್ಯಾನ್ ಇಡುವಾಗ ನಾನೂ ಅತ್ತಿಗೆಯೂ ಸೀರೆ ಅಡ್ಡ ಹಿಡಿಯುತ್ತೇವೆ. ಪಕ್ಕದ ಮಂಚದ ಯಜಮಾನರು, ಪಾಪ, ಗೋಡೆ ಕಡೆ ಮುಖ ತಿರುಗಿಸಿಕೊಳ್ಳುತ್ತಾರೆ. ಅವರಿಗೂ ಕಷ್ಟವೇ ಅಲ್ವಾ? ಅಮ್ಮ ನಾಚಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ನನಗೆ ಜಾಸ್ತಿ ಭಯ ಅದೇ.

ಕೇಳಿದರೆ "ಬೆಡ್ ಖಾಲಿ ಇಲ್ಲ" ಅನ್ನುತ್ತಾರೆ. ಐಸಿಯು ಆಗಿದ್ದರೆ ಸುಮ್ಮನಿರುತ್ತಿದ್ದೆ. ಇದು ಸಾಮಾನ್ಯ ವಾರ್ಡ್.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮಾನ, ಖಾಸಗಿತನ ಎರಡೂ ಇವೆ. ಗಂಡು ಡಾಕ್ಟರ್ ಹೆಣ್ಣು ರೋಗಿಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತಲೂ ಇದೆ. ಇದನ್ನು ತೋರಿಸಿ ಯಾರಾದರೂ ವಾರ್ಡ್ ಬದಲಾಯಿಸಿಕೊಂಡಿದ್ದೀರಾ? ಪತ್ರ ಹೇಗೆ ಬರೆದಿರಿ, ಯಾರ ಕೈಗೆ ಕೊಟ್ಟಿರಿ? ಜಗಳ ಬೇಡ, ಅಮ್ಮ ಇನ್ನೂ ಕೆಲವು ದಿನ ಅಲ್ಲೇ ಇರಬೇಕು.

ಕೋಲಾರದಲ್ಲಿ ಮಡಚುವ ಪರದೆ ಸ್ಟ್ಯಾಂಡ್ ಬಾಡಿಗೆಗೆ ಸಿಕ್ಕರೂ ಸಾಕು, ಇವತ್ತೇ ಬಂದು ತೆಗೆದುಕೊಂಡು ಹೋಗುತ್ತೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.